ಒಂದು, ಎಂಟು, ನಾಲ್ಕು, ಮೂರು

ಗಾಜಿನ ಕಪಾಟಿನೊಳಗೆ ಇರಿಸಿದ ಮಾದರಿ ಕಾರೊಂದರ ಬಾನೆಟ್ ತೆರೆದಿದ್ದರೆ, ಅದರ ಮುಂದೆ ನಿಂತು, ಬಾಗಿ, ಒಳಗೇನಿದೆಯೆಂದು ಇಣುಕದೆ ಮುಂದೆ ಸಾಗುವುದು ನನಗೆ ಸಾಧ್ಯವಿಲ್ಲ. ಇಣುಕಿದ ಮೇಲೆ ಬಹುಮಟ್ಟಿಗೆ ನನ್ನ ಪಾಲಿಗೆ ದೊರೆಯುವುದು ಒಂದು ಸಣ್ಣ ಕಸಿವಿಸಿ. ಹೊರಮೈಗೆ ಬಣ್ಣ ಬಳಿದು, ಉಜ್ಜಿ, ಮತ್ತೆ ಬಳಿದು ಮೆರುಗು ತಂದಿರುತ್ತಾರೆ. ಕಿಟಕಿಯ ಅಂಚಿಗೆ ಕೂದಲೆಳೆಯಷ್ಟು ತೆಳುವಾದ ಬೆಳ್ಳಿಯ ಗೆರೆ ಎಳೆದಿರುತ್ತಾರೆ. ಆಸನಗಳ ಹೊಲಿಗೆಯನ್ನಾಗಲಿ ವೇಗಮಾಪಕದ ಮುಳ್ಳನ್ನಾಗಲಿ ಮರೆತಿರುವುದಿಲ್ಲ. ಎಂಜಿನ್ನು ಮಾತ್ರ ಅಚ್ಚಿನಿಂದ ಹೊರಬಿದ್ದಂತೆಯೇ ಕುಳಿತಿರುತ್ತದೆ. ಕಾರ್ಬ್ಯುರೇಟರಿಗೆ ಪೆಟ್ರೋಲು ತರುವ ಕೊಳವೆಯಿಲ್ಲ, ಬ್ಯಾಟರಿಯಿಂದ ಹೊರಡುವ ತಂತಿಯಿಲ್ಲ, ಡಿಸ್ಟ್ರಿಬ್ಯೂಟರಿನ ತಲೆ ಬೋಳಾಗಿದೆ. ಆ ಕಾರು ಎಂದಿಗೂ ಹೊರಡದೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಹಾಗಿದ್ದರೂ ಹೊರಡುವ ಆಸೆಯಾದರೂ ಅದಕ್ಕೆ ಇರಬೇಕಷ್ಟೆ.

ಈ ಸಲದ ಮಳೆಗಾಲವನ್ನು ನಾನು ಅಂಥದೊಂದು ಬೋಳುತಲೆಯ ಸೇವೆಯಲ್ಲಿ ಕಳೆಯುತ್ತಿದ್ದೇನೆ. ಮೇಜಿನ ಮೇಲಿರುವುದು 1957ರ ಷೆವರ್ಲೆ ಬೆಲ್ ಏರ್ ಕಾರಿನ 1:25 ಪ್ರಮಾಣದ ಮಾದರಿ. ಬಾಲದ ರೆಕ್ಕೆಗಳೂ, ಮುಂಭಾಗದ ಅಗಲವಾದ ಜಾಲರಿಯೂ, ಬದಿಯಲ್ಲಿ ತ್ರಿಕೋಣಾಕಾರವಾಗಿ ಹರಡಿದ ಅಲ್ಯೂಮಿನಿಯಮ್ ಪಟ್ಟಿಯೂ ಇರುವ ಈ ಕಾರನ್ನು ಅಮೆರಿಕದವರು ಇಂದಿಗೂ ಆ ದಶಕದ ಲಾಂಛನವೆಂದೇ ಭಾವಿಸುತ್ತಾರೆ. ನಿಜವಾದ ಕಾರಿನ ಉದ್ದ 200 ಅಂಗುಲ. ಆದುದರಿಂದ ಮಾದರಿಯ ಉದ್ದ ಸರಿಯಾಗಿ 8 ಅಂಗುಲ, ಅಂದರೆ ನನ್ನ ಒಂದು ಗೇಣಿನ ಅಳತೆಗೆ ಹತ್ತಿರ. ಅದರ ದೊಡ್ಡ ಎಂಜಿನ್ನಿನ ಗಾತ್ರ 283 ಘನ ಅಂಗುಲ, ನಮ್ಮ ಲೆಕ್ಕದಲ್ಲಿ ಸುಮಾರು 4.6 ಲೀಟರು. ಇಪ್ಪತ್ತೈದರ ಘನದಿಂದ ಇದನ್ನು ಭಾಗಿಸಿದರೆ ಬರುವುದು 0.3 ಮಿಲಿಲೀಟರಿಗೂ ತುಸು ಕಡಿಮೆ. ಎಂಟು ಸಿಲಿಂಡರುಗಳೂ ಸೇರಿ ಔಷಧದ ಶೀಷೆಯಿಂದ ಬೀಳುವ ಆರು ಹನಿಗಳನ್ನು ಕುಡಿದು ತೃಪ್ತವಾಗುವಷ್ಟು ಚಿಕ್ಕ ಯಂತ್ರ! ಈ ಲೆಕ್ಕವನ್ನು ಮಾಡಿದ ದಿನ ನನಗೆ ಆ ಪ್ಲಾಸ್ಟಿಕ್ ಎಂಜಿನ್ನಿನ ಮೇಲೆ ಉಂಟಾದ ಮಮತೆ ಅದರ ಚಿತ್ರಪಟವನ್ನು ನೋಡಿದಾಗ ಉಂಟಾಗಿರಲಿಲ್ಲ.

ಎಂಜಿನ್ನಿನ ತಂತಿಗಳ ಕುರಿತು ನನಗಿರುವ ಈ ಪಕ್ಷಪಾತಕ್ಕೆ ಮೂಲ ಅಮೆರಿಕದಲ್ಲಿಲ್ಲ, ಚಿಕ್ಕಮಗಳೂರಿನಲ್ಲಿದೆ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ತಗಡಿನ ಮಾಡಿನ ಒಂದು ಷೆಡ್ಡಿತ್ತು. ಅಲ್ಲಿ ಕಾಫಿ ತೋಟದವರ ಜೀಪುಗಳೂ, ಮೈಸೂರಿನ ಕಡೆಗೆ ಹೋಗುವ ಟ್ಯಾಕ್ಸಿಗಳೂ, ಒಮ್ಮೊಮ್ಮೆ ಸಾಹುಕಾರರೊಬ್ಬರ ಹಳೆಯ ಷೆವರ್ಲೆಯೂ ಬಂದು ನಿಲ್ಲುತ್ತಿದ್ದವು. ಜನರಲ್ ಮೋಟಾರ್ಸ್ ಸಂಸ್ಥೆ 1928ರಿಂದ 1954ರವರೆಗೆ ಮುಂಬಯಿಯ ಶಿವಡಿಯಲ್ಲಿ ಕಾರುಗಳನ್ನು ಜೋಡಿಸಿ ಮಾರುತ್ತಿದ್ದ ಕಾರಣ ನಮ್ಮ ಘಟ್ಟದ ರಸ್ತೆಗಳಿಗೂ ಆ ಹೆಸರು ಅಪರಿಚಿತವಾಗಿರಲಿಲ್ಲ. ಷೆಡ್ಡಿನ ಮೇಸ್ತ್ರಿಗಳು ಮಿತಭಾಷಿಗಳು. ಮಕ್ಕಳನ್ನು ಅಟ್ಟುತ್ತಿರಲಿಲ್ಲ, ಕರೆದು ಮಾತನಾಡಿಸುತ್ತಲೂ ಇರಲಿಲ್ಲ. ಸ್ಪ್ಯಾನರು ಕೇಳಿದಾಗ ಸ್ಪ್ಯಾನರು ಎತ್ತಿಕೊಟ್ಟರೆ ನಿಲ್ಲಲು ಸ್ಥಳ ದೊರೆಯುತ್ತಿತ್ತು.

ಒಂದು ಮಧ್ಯಾಹ್ನ ಅವರು ಆ ಷೆವರ್ಲೆಯ ಆರು ಪ್ಲಗ್ಗುಗಳನ್ನೂ ಬಿಚ್ಚಬೇಕಾಗಿತ್ತು. ಬಿಚ್ಚುವುದಕ್ಕೆ ಮೊದಲು ಅಂಗಿಯ ಜೇಬಿನಿಂದ ಹೊಲಿಗೆಯ ನೂಲಿನ ಉಂಡೆಯೊಂದನ್ನು ತೆಗೆದು, ಹಲ್ಲಿನಿಂದ ತುಂಡುತುಂಡಾಗಿ ಕಡಿದು, ಮೊದಲನೆಯ ತಂತಿಗೆ ಒಂದು ಗಂಟು, ಎರಡನೆಯದಕ್ಕೆ ಎರಡು ಗಂಟು, ಹೀಗೆ ಆರನೆಯದಕ್ಕೆ ಆರು ಗಂಟು ಕಟ್ಟಿದರು. ಕರಿಯ ಗ್ರೀಸು ಮೆತ್ತಿದ ಆ ಬೆರಳುಗಳು ಬಿಳಿಯ ನೂಲಿನೊಡನೆ ಅಷ್ಟು ನಾಜೂಕಾಗಿ ವ್ಯವಹರಿಸಿದುದನ್ನು ಕಂಡು ನನಗೆ ಬೆರಗಾಯಿತು.

"ಮೇಸ್ತ್ರಿಗಳೇ, ಗಂಟು ಯಾಕೆ ಹಾಕ್ತೀರಿ? ಒಂದು ಎರಡು ಮೂರು ಅಂತ ಸಾಲಾಗೇ ಇವೆಯಲ್ಲ," ಎಂದೆ.

"ಸಾಲಾಗಿರೋದು ಇಲ್ಲಿ, ಮರಿ," ಎಂದು ಎಂಜಿನ್ನನ್ನು ಮುಟ್ಟಿ ತೋರಿಸಿದರು. ಆಮೇಲೆ ಡಿಸ್ಟ್ರಿಬ್ಯೂಟರಿನ ಮೇಲೆ ಬೆರಳಿಟ್ಟು, "ಇಲ್ಲಿ ಬೇರೆ ಮಗ್ಗಿ. ಒಂದು, ಐದು, ಮೂರು, ಆರು, ಎರಡು, ನಾಕು. ಇದಕ್ಕೆ ಇದೇ ಮಗ್ಗಿ ಬರೋದು. ತಪ್ಪಿ ಹೇಳಿಕೊಟ್ರೆ ಗಾಡಿ ಕೆಮ್ಮುತ್ತೆ," ಎಂದರು.

ಆ ಮಗ್ಗಿಯನ್ನು ನಾನು ಅಂದು ಸಂಜೆಯೇ ಬಾಯಿಪಾಠ ಮಾಡಿದೆ. ಅದರಲ್ಲಿ ಅಡಗಿದ್ದ ಒಂದು ಸೊಗಸು ಹೊಳೆದದ್ದು ಬಹಳ ವರ್ಷಗಳ ತರುವಾಯ. ಆರು ಅಂಕಿಗಳನ್ನು ನಡುವೆ ಮುರಿದು ಒಂದರ ಕೆಳಗೊಂದು ಬರೆಯಿರಿ: ಮೇಲಿನ ಸಾಲಿನಲ್ಲಿ 1, 5, 3, ಕೆಳಗಿನ ಸಾಲಿನಲ್ಲಿ 6, 2, 4. ಯಾವ ಜೋಡಿಯನ್ನು ಕೂಡಿಸಿದರೂ ಏಳು. ಇದೇನೂ ಅಂಕಿಗಳ ಚಮತ್ಕಾರವಲ್ಲ. ಒಂದನೆಯ ಮತ್ತು ಆರನೆಯ ಪಿಸ್ಟನ್ನುಗಳು, ಎರಡನೆಯ ಮತ್ತು ಐದನೆಯವು, ಮೂರನೆಯ ಮತ್ತು ನಾಲ್ಕನೆಯವು, ಜೊತೆಜೊತೆಯಾಗಿಯೇ ಏರಿ ಜೊತೆಜೊತೆಯಾಗಿಯೇ ಇಳಿಯುವುದರಿಂದ ಹೀಗಾಗುತ್ತದೆ. ಒಂದರಲ್ಲಿ ಕಿಡಿ ಹಾರಿದ ತರುವಾಯ ಕ್ರ್ಯಾಂಕು ಪೂರ್ತಿ ಒಂದು ಸುತ್ತು ತಿರುಗಿದ ಮೇಲೆ ಅದರ ಜೊತೆಗಾರನಲ್ಲಿ ಕಿಡಿ ಹಾರುತ್ತದೆ. ಸಾಲಿನಲ್ಲಿ ಕ್ರಮವಾಗಿ ಒಂದಾದ ಮೇಲೊಂದು ಸಿಡಿಯುತ್ತ ಹೋದರೆ ಕ್ರ್ಯಾಂಕು ದಂಡದ ಒಂದು ತುದಿಯ ಮೇಲೆಯೇ ಪೆಟ್ಟಿನ ಮೇಲೆ ಪೆಟ್ಟು ಬೀಳುತ್ತದೆಯೆಂದು, ಒಮ್ಮೆ ಮುಂದೆ ಒಮ್ಮೆ ಹಿಂದೆ ಎಂದು ಭಾರವನ್ನು ಹಂಚಿ ಸರದಿಯನ್ನು ಗೊತ್ತುಮಾಡಿದ್ದಾರೆ.

ಈಗ ನನ್ನ ಮೇಜಿನ ಮೇಲಿರುವ ಎಂಜಿನ್ನಿಗೆ ಎಂಟು ಸಿಲಿಂಡರುಗಳು. ಅದರ ಮಗ್ಗಿ ಬೇರೆ. 1, 8, 4, 3, 6, 5, 7, 2. ಎಡ್ ಕೋಲ್ ಎಂಬ ಎಂಜಿನಿಯರನ ಮುಂದಾಳುತನದಲ್ಲಿ ರೂಪುಗೊಂಡು 1955ರಲ್ಲಿ 265 ಘನ ಅಂಗುಲದ ಗಾತ್ರದಲ್ಲಿ ಹೊರಬಂದ ಷೆವರ್ಲೆಯ ಸಣ್ಣ ವಿ-ಎಂಟು ಎಂಜಿನ್ನಿನ ಸರದಿಯಿದು. ಆ ವಂಶದ ಎಂಜಿನ್ನುಗಳು ಮುಂದೆ ಅನೇಕ ದಶಕಗಳ ಕಾಲ, ಹತ್ತು ಹಲವು ಗಾತ್ರಗಳಲ್ಲಿ ಬಂದರೂ ಈ ಎಂಟು ಅಂಕಿಗಳ ಸಾಲು ಕದಲಲಿಲ್ಲ. ರೇಡಿಯೇಟರಿನ ಕಡೆಯಿಂದ ಎಣಿಸುತ್ತ ಹೋದರೆ ಚಾಲಕನ ಬದಿಯ ಸಾಲಿನಲ್ಲಿ 1, 3, 5, 7. ಆಚೆಯ ಸಾಲಿನಲ್ಲಿ 2, 4, 6, 8. ಅಮೆರಿಕದ ಕಾರಾದುದರಿಂದ ಚಾಲಕ ಕುಳಿತುಕೊಳ್ಳುವುದು ಎಡಕ್ಕೆಂಬುದನ್ನು ನೆನಪಿಡಬೇಕು. ಡಿಸ್ಟ್ರಿಬ್ಯೂಟರು ಎಂಜಿನ್ನಿನ ಹಿಂತುದಿಯಲ್ಲಿ, ಚಾಲಕನ ಕಾಲ್ಗಳ ಮುಂದಿರುವ ತಗಡಿನ ಗೋಡೆಗೆ ಆನಿಕೊಂಡಂತೆ ಇದೆ. ಮೇಲಿನಿಂದ ನೋಡಿದರೆ ಅದರೊಳಗಿನ ರೋಟರು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತದೆ. ಕ್ಯಾಮ್ ದಂಡ ಅದನ್ನು ತಿರುಗಿಸುತ್ತದೆ. ಡಿಸ್ಟ್ರಿಬ್ಯೂಟರಿನ ದಂಡದ ಕೆಳತುದಿ ಎಣ್ಣೆಯ ಪಂಪನ್ನು ತಿರುಗಿಸುತ್ತದೆ. ಕಿಡಿಯನ್ನು ಹಂಚುವ ಕೆಲಸವನ್ನೂ ಎಣ್ಣೆಯನ್ನು ಮೇಲೆತ್ತುವ ಕೆಲಸವನ್ನೂ ಒಂದೇ ಸಾಲಿನಲ್ಲಿ ಜೋಡಿಸಿದ ಆ ಮಿತವ್ಯಯಕ್ಕೆ ತಲೆದೂಗಬೇಕು.

ಕಿಡಿಯ ಕಥೆಯೇ ಒಂದು ಪುರಾಣ. ಮೋಟಾರು ಬಂಡಿ ಹುಟ್ಟಿದ ಕಾಲದಲ್ಲಿ ಅದರ ಜನಕರನ್ನು ನಿದ್ದೆಗೆಡಿಸಿದ್ದು ಚಕ್ರವೂ ಅಲ್ಲ, ಗೇರೂ ಅಲ್ಲ. ಮುಚ್ಚಿದ ಲೋಹದ ಕೊಳವೆಯೊಳಗೆ ತಕ್ಕ ಕ್ಷಣದಲ್ಲಿ ಬೆಂಕಿ ಹೊತ್ತಿಸುವುದು ಹೇಗೆಂಬ ಪ್ರಶ್ನೆ. ಡೈಮ್ಲರ್ ಕೊಳವೆಯೊಂದನ್ನು ಹೊರಗಿನಿಂದ ಜ್ವಾಲೆಯಿಂದ ಕಾಯಿಸಿ ಕೆಂಪಗೆ ಇರಿಸಿಕೊಂಡು ಅದರಿಂದ ಆವಿಯನ್ನು ಹೊತ್ತಿಸಿದ. ಕಾರ್ಲ್ ಬೆನ್ಜ್ ತನ್ನ 1886ರ ಮೂರು ಚಕ್ರದ ಬಂಡಿಯಲ್ಲಿ ಬ್ಯಾಟರಿಯನ್ನೂ ಗುಂಯ್ ಎನ್ನುವ ಸುರುಳಿಯನ್ನೂ ನೆಚ್ಚಿದ. ರಾಬರ್ಟ್ ಬಾಷ್‌ನ ಕಾರ್ಖಾನೆಯಲ್ಲಿ ಗಾಟ್‌ಲೋಬ್ ಹೊನಾಲ್ಡ್ ಎಂಬಾತ 1902ರಲ್ಲಿ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋವನ್ನು ಸಿದ್ಧಪಡಿಸಿದ. ಕಡೆಗೆ ಅಮೆರಿಕದ ಓಹಾಯೋ ಪ್ರಾಂತದ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ವ್ಯವಸ್ಥೆಯನ್ನು ನೆಲೆಗೊಳಿಸಿದ. 1912ರ ಕ್ಯಾಡಿಲಾಕ್ ಕಾರಿಗೆ ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟವನ್ನು ತಪ್ಪಿಸಿದ ವಿದ್ಯುತ್ ಸ್ಟಾರ್ಟರನ್ನು, ನಮ್ಮವರು 'ಸೆಲ್ಫ್' ಎಂದು ಕರೆಯುವ ಆ ಸಾಧನವನ್ನು, ಕೊಟ್ಟವನೂ ಅವನೇ. ಅವನ ಕಿಡಿಯ ಏರ್ಪಾಡು ಎಲೆಕ್ಟ್ರಾನಿಕ್ ವ್ಯವಸ್ಥೆ ಬರುವವರೆಗೆ, ಅಂದರೆ 1970ರ ದಶಕದವರೆಗೆ, ಜಗತ್ತಿನ ಬಹುಪಾಲು ಕಾರುಗಳನ್ನು ಓಡಿಸಿತು. ಚಿಕ್ಕಮಗಳೂರಿನ ಷೆಡ್ಡಿಗೆ ಬರುತ್ತಿದ್ದ ಗಾಡಿಗಳೆಲ್ಲ ಅವನ ಋಣದಲ್ಲಿದ್ದವು.

ಆ ಏರ್ಪಾಡನ್ನು ಒಮ್ಮೆ ಮನಸ್ಸಿನಲ್ಲಿ ಬಿಡಿಸಿಕೊಂಡರೆ ತಂತಿ ಎಲ್ಲಿಂದೆಲ್ಲಿಗೆ ಹೋಗಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬ್ಯಾಟರಿಯ 12 ವೋಲ್ಟು ಕಾಯಿಲಿನ ದಪ್ಪ ಸುರುಳಿಯಲ್ಲಿ ಹರಿಯುತ್ತಿರುತ್ತದೆ. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟು ತೆರೆದುಕೊಂಡ ಕ್ಷಣ ಆ ಹರಿವು ಕಡಿಯುತ್ತದೆ. ಕಡಿದೊಡನೆ ಅದರ ಕಾಂತಕ್ಷೇತ್ರ ಕುಸಿದು, ಸಾವಿರಾರು ಸುತ್ತುಗಳುಳ್ಳ ತೆಳು ಸುರುಳಿಯಲ್ಲಿ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸಿನ ಒತ್ತಡ ಹುಟ್ಟುತ್ತದೆ. ಅದು ಕಾಯಿಲಿನ ನೆತ್ತಿಯಿಂದ ಒಂದೇ ತಂತಿಯಲ್ಲಿ ಹೊರಟು ಡಿಸ್ಟ್ರಿಬ್ಯೂಟರಿನ ನಡುನೆತ್ತಿಗೆ ಬರುತ್ತದೆ. ಅಲ್ಲಿ ರೋಟರು ಯಾವ ದ್ವಾರಕ್ಕೆ ಮುಖಮಾಡಿದೆಯೋ ಆ ದ್ವಾರದಿಂದ ಆ ಸರದಿಯ ಪ್ಲಗ್ಗಿಗೆ ಹೋಗಿ ಕಿಡಿಯಾಗುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದಾಗ ಎಂಟು ಸಿಲಿಂಡರುಗಳಿಗೂ ಸೇರಿ ಸೆಕೆಂಡಿಗೆ 200 ಕಿಡಿಗಳು. ಒಂದೊಂದೂ ತನ್ನ ಸರದಿಗೆ ಕಾದು, ತನ್ನ ತಂತಿಯಲ್ಲೇ ಬರತಕ್ಕದ್ದು.

ಆದುದರಿಂದ ಮಾದರಿಯಲ್ಲಿ ಬೇಕಾಗುವ ತಂತಿಗಳು ಒಂಬತ್ತು: ಎಂಟು ಸುತ್ತಲೂ, ಒಂದು ನಡುವೆ. ಈ ಒಂಬತ್ತನೆಯದನ್ನು, ಕಾಯಿಲಿನದನ್ನು, ಮರೆತು ಎಂಟನ್ನೇ ಅಂದವಾಗಿ ಬಾಚಿ ಕೂರಿಸಿದ ಮಾದರಿಗಳನ್ನು ನಾನು ಬಹಳ ಕಂಡಿದ್ದೇನೆ. ಆ ಎಂಟಕ್ಕೆ ಕಿಡಿ ಬರುವ ದಾರಿಯೇ ಇಲ್ಲವಲ್ಲ ಎಂದು ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ.

ತಂತಿಯ ದಪ್ಪದ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಈ ಕಲೆಯ ಅರ್ಧ ಭಾಗ ಅದರಲ್ಲಿಯೇ ಇದೆ. ಆ ಕಾಲದ ಪ್ಲಗ್ ವೈರಿನ ದಪ್ಪ 7 ಮಿಲಿಮೀಟರು. ಇಪ್ಪತ್ತೈದರಿಂದ ಭಾಗಿಸಿದರೆ 0.28. ಕೈಗೆ ಸಿಕ್ಕಿದ ಒಂದು ಮಿಲಿಮೀಟರಿನ ತಂತಿಯನ್ನು ಸಿಕ್ಕಿಸಿದರೆ ನಿಜವಾದ ಕಾರಿನಲ್ಲಿ ಅದು ಒಂದು ಅಂಗುಲ ದಪ್ಪದ್ದಾಗುತ್ತದೆ. ನೋಡುವವನಿಗೆ ಕಾರಣ ತಿಳಿಯದಿದ್ದರೂ ಕಣ್ಣು ಮಾತ್ರ ಮೋಸಹೋಗದು. ಕಣ್ಣಿಗೆ ತನ್ನದೇ ಆದ ಒಂದು ಅಳತೆಗೋಲಿದೆ. ಇಡೀ ಕಾರು ಒಂದು ಪ್ರಮಾಣದಲ್ಲಿದ್ದು ತಂತಿಯೊಂದು ಬೇರೊಂದು ಪ್ರಮಾಣದಲ್ಲಿದ್ದರೆ, ಆ ತಂತಿ ತನ್ನನ್ನು ತಾನು ತಿದ್ದಿಕೊಳ್ಳುವುದಿಲ್ಲ, ಕಾರನ್ನೇ ಆಟಿಕೆಯಾಗಿಸಿಬಿಡುತ್ತದೆ.

0.28 ಮಿಲಿಮೀಟರಿನ ತಂತಿಗಾಗಿ ನಾನು ವಿದೇಶದಿಂದ ಪೊಟ್ಟಣ ತರಿಸಲಿಲ್ಲ. ನಮ್ಮ ಬಡಾವಣೆಯ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋದೆ. ತೋಟದ ಪಂಪುಗಳೂ, ಮಿಕ್ಸಿಗಳೂ, ಮೇಜಿನ ಫ್ಯಾನುಗಳೂ ಸುಟ್ಟ ಸುರುಳಿಗಳೊಡನೆ ಬಂದು ರಾಶಿಬಿದ್ದಿರುವ, ವಾರ್ನಿಷಿನ ವಾಸನೆ ಅಡರಿದ ಆ ಕತ್ತಲೆಯ ಕೋಣೆ ನನಗೆ ಬಹಳ ಪ್ರಿಯವಾದ ಸ್ಥಳ. ಗೋಡೆಯ ಉದ್ದಕ್ಕೂ ಮರದ ಹಲಗೆಯ ಮೇಲೆ ತಾಮ್ರದ ತಂತಿಯ ಉರುಳೆಗಳು ದಪ್ಪದ ಕ್ರಮದಲ್ಲಿ ಸಾಲಾಗಿ ಕುಳಿತಿರುತ್ತವೆ. ಒಂದೊಂದರ ಮೇಲೂ ಗೇಜಿನ ಅಂಕಿ. ನಮ್ಮ ದೇಶದ ವೈಂಡಿಂಗಿನವರು ಇಂದಿಗೂ ಬ್ರಿಟಿಷರು ಬಿಟ್ಟುಹೋದ ಗೇಜಿನಲ್ಲಿಯೇ ಮಾತನಾಡುತ್ತಾರೆ. ಆ ಪಟ್ಟಿಯಲ್ಲಿ 32ನೆಯ ಗೇಜಿನ ತಂತಿ 0.274 ಮಿಲಿಮೀಟರು; ಡೆಟ್ರಾಯಿಟಿನ ಕಾರಿಗೆ ಇದಕ್ಕಿಂತ ಸಮೀಪದ ಅಳತೆ ಬೇಕಿಲ್ಲ.

"ಮೂವತ್ತೆರಡು ಗೇಜ್ ಎಷ್ಟು ಕೆ.ಜಿ. ಕೊಡಲಿ, ಸಾರ್?" ಎಂದು ಕೇಳಿದ ಅಂಗಡಿಯ ಹುಡುಗ.

"ಒಂದು ಮೊಳ ಸಾಕಪ್ಪ," ಎಂದೆ.

ಆತ ನಗಲಿಲ್ಲ. ಯಾವ ಮೋಟರಿಗೆ ಎಂದು ಕೇಳಿದ. ನಾನು ಜೇಬಿನಿಂದ ಆ ಪ್ಲಾಸ್ಟಿಕ್ ಎಂಜಿನ್ನನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ. ಆತ ಅದನ್ನು ಬಾಗಿಲ ಬೆಳಕಿಗೆ ಒಯ್ದು, ತಿರುಗಿಸಿ ತಿರುಗಿಸಿ ನೋಡಿ, "ಎಂಟು ಪ್ಲಗ್ಗಾ ಸಾರ್?" ಎಂದು, ಒಂದು ಮೊಳಕ್ಕೆ ಬದಲಾಗಿ ಮೂರು ಮಾರಿನಷ್ಟನ್ನು ಬಿಚ್ಚಿ ಬೆರಳಿಗೆ ಸುತ್ತಿ ಕೊಟ್ಟ, ದುಡ್ಡು ಮುಟ್ಟಲಿಲ್ಲ. ಕೈಕಸಬಿನವರ ನಡುವೆ ಇಂಥದೊಂದು ದಾಕ್ಷಿಣ್ಯ ಇನ್ನೂ ಉಳಿದಿದೆ.

ತಂತಿ ದೊರೆತ ಮೇಲೆ ರಂಧ್ರ. ಡಿಸ್ಟ್ರಿಬ್ಯೂಟರಿನ ಮುಚ್ಚಳ ಮಾದರಿಯಲ್ಲಿ 4 ಮಿಲಿಮೀಟರಿನಷ್ಟೂ ಅಗಲವಿಲ್ಲ. ಅದರ ನೆತ್ತಿಯ ಮೇಲೆ ಒಂಬತ್ತು ರಂಧ್ರಗಳಾಗಬೇಕು, ಒಂದೊಂದೂ 0.35 ಮಿಲಿಮೀಟರಿನದು. ಬೆರಳುಗಳ ನಡುವೆ ಹಿಡಿದು ತಿರುಗಿಸುವ ಪುಟ್ಟ ಕೈಬೈರಿಗೆಯೊಂದಿದೆ. ಅದರ ಅಲಗು ಕೂದಲಿಗಿಂತ ಅಷ್ಟೇನೂ ದಪ್ಪವಿಲ್ಲ, ಉಸಿರು ಜೋರಾದರೆ ಮುರಿಯುವಂಥದು. ಮೊದಲು ಸೂಜಿಯ ಮೊನೆಯಿಂದ ಗುರುತು ಒತ್ತಿ, ಆ ಗುಳಿಯಲ್ಲಿ ಅಲಗನ್ನು ನಿಲ್ಲಿಸಿ, ಒತ್ತದೆ, ಬರಿಯ ತಿರುಗಿಸುತ್ತ ಕುಳಿತರೆ ಪ್ಲಾಸ್ಟಿಕ್ಕಿನ ಬಿಳಿಯ ಎಳೆಗಳು ಸುರುಳಿ ಸುರುಳಿಯಾಗಿ ಮೇಲೇಳುತ್ತವೆ. ಒಂದು ರಂಧ್ರ ಮುಗಿದೊಡನೆ ಎದುರುಬದಿಯದನ್ನು ಕೊರೆಯುವುದು ಒಳ್ಳೆಯದು; ಆಮೇಲೆ ಆ ಎರಡರ ನಡುವೆ, ಮತ್ತೆ ಅವುಗಳ ನಡುವೆ; ಹೀಗೆ ಮಾಡಿದರೆ ಎಂಟರ ಅಂತರಗಳೂ ಸಮನಾಗಿ ಬರುತ್ತವೆ. ಭೂತಕನ್ನಡಿಯ ಕೆಳಗೆ ಜಗತ್ತೆಲ್ಲ ಆ ನಾಲ್ಕು ಮಿಲಿಮೀಟರಿಗೆ ಕುಗ್ಗಿ, ಹೊರಗೆ ಮಳೆ ಹೊಯ್ಯುವುದೂ, ಬೀದಿಯಲ್ಲಿ ತರಕಾರಿಯವನು ಕೂಗುವುದೂ ಎಲ್ಲೋ ದೂರದ ಊರಿನ ಸದ್ದಾಗುತ್ತವೆ.

ಎನಾಮೆಲ್ ಲೇಪಿಸಿದ ತಾಮ್ರದ ತಂತಿಗೆ ಹೊಳಪು ಹೆಚ್ಚು. ನಿಜವಾದ ಕಾರಿನ ವೈರಿನ ಹೊದಿಕೆ ಮಂಕುಗಪ್ಪು. ಅದಕ್ಕೆ ಹೊಳಪಿಲ್ಲದ ಕರಿಯ ಬಣ್ಣವನ್ನು ತೆಳುವಾಗಿ ಎರಡು ಸಲ ಬಳಿಯಬೇಕಾಗುತ್ತದೆ. ಪ್ಲಗ್ಗಿನ ತುದಿಗೆ ಹೊದಿಸುವ ರಬ್ಬರಿನ ಟೋಪಿಗಾಗಿ ಹಳೆಯ ಟೆಲಿಫೋನ್ ತಂತಿಯ ಹೊದಿಕೆಯನ್ನು ಸುಲಿದು, ಬ್ಲೇಡಿನಿಂದ ತೆಳ್ಳಗೆ ಬಳೆಬಳೆಯಾಗಿ ಕತ್ತರಿಸಿ ಒಂದೊಂದು ತಂತಿಗೂ ತೊಡಿಸುತ್ತೇನೆ. ಕಿತ್ತಳೆಯ ಬಣ್ಣದ ಆ ಎಂಜಿನ್ನಿನ ಬದಿಯಲ್ಲಿ ಕರಿಯ ತಂತಿಗಳು ಇಳಿದು ಬಂದಾಗ ಕಾಣುವ ಚೆಲುವನ್ನು ನಾನು ಎಷ್ಟು ಬಣ್ಣಿಸಿದರೂ ಕಡಿಮೆಯೇ.

ಆದರೆ ಚೆಲುವಿನ ಮಾತು ಆಮೇಲೆ. ತಂತಿಗೆ ತೂಕ ಬರಿಸುವುದು ಹೇಗೆಂಬುದು ಇಲ್ಲಿಯ ಅತ್ಯಂತ ಸೂಕ್ಷ್ಮವಾದ ಪ್ರಶ್ನೆ. ನಿಜವಾದ ಪ್ಲಗ್ ವೈರು ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಎರಡು ಆಧಾರಗಳ ನಡುವೆ ಒಂದು ಸಣ್ಣ ಜೋಲು ಬಿಟ್ಟು ಮಲಗುತ್ತದೆ. ಇಪ್ಪತ್ತೈದು ಪಾಲು ಕುಗ್ಗಿಸಿದ ವಸ್ತುವಿನ ತೂಕ ಇಪ್ಪತ್ತೈದು ಪಾಲು ಮಾತ್ರ ಕಡಿಮೆಯಾಗುವುದಿಲ್ಲ, 15,625 ಪಾಲು ಕಡಿಮೆಯಾಗುತ್ತದೆ. ಭೂಮಿ ಅದನ್ನು ಎಳೆಯುವುದನ್ನೇ ಮರೆತಂತೆ ಕಾಣುತ್ತದೆ. ತಂತಿ ಬೈರಿಗೆಯ ರಂಧ್ರದಿಂದ ನೆಟ್ಟಗೆ ಆಕಾಶದ ಕಡೆಗೆ ನಿಂತುಬಿಡುತ್ತದೆ. ಇಲ್ಲದ ಭಾರವನ್ನು ಬೆರಳಿನಿಂದ ಕಲಿಸಬೇಕು. ದಪ್ಪ ಸೂಜಿಯೊಂದರ ಮೈಮೇಲೆ ತಂತಿಯನ್ನು ಉರುಳಿಸುತ್ತ, ಎಲ್ಲಿ ನಿಜವಾದ ವೈರು ಜೋಲುತ್ತಿತ್ತೋ ಅಲ್ಲಿ ಜೋಲಿಸಿ, ಎಲ್ಲಿ ಬಿಗಿದಿತ್ತೋ ಅಲ್ಲಿ ಬಿಗಿದು, ಮೊಂಡು ಬಾಗುಗಳನ್ನು ಉಗುರಿನಿಂದ ನೀವಿ ತೆಗೆಯಬೇಕು. ಈ ಒಂದು ಕೆಲಸಕ್ಕೆ ನಾನು ಕೊಡುವಷ್ಟು ಹೊತ್ತನ್ನು ಉಳಿದ ಕೆಲಸಗಳಿಗೆಲ್ಲ ಸೇರಿಸಿಯೂ ಕೊಡುವುದಿಲ್ಲ.

ದಾರಿಯ ವಿಚಾರದಲ್ಲಿ ಹವ್ಯಾಸಿಗಳಲ್ಲಿ ಎರಡು ಪಂಥಗಳಿವೆ. ತಂತಿಗಳನ್ನು ವಾಲ್ವ್ ಮುಚ್ಚಳಗಳ ಮೇಲಿಂದ ಹಾಯಿಸಿ, ಎರಡೂ ಕಡೆಗೆ ಧಾರಾಳವಾಗಿ ಇಳಿಬಿಡುವವರು ಒಂದು ಪಂಥ. ಪಂದ್ಯದ ಕಾರು ಕಟ್ಟುವವರ ರೂಢಿಯದು, ನೋಡುವುದಕ್ಕೆ ಎದ್ದು ಕಾಣುತ್ತದೆ. ಕಾರ್ಖಾನೆಯವರು ಮಾಡಿದಂತೆ ಎಂಜಿನ್ನಿನ ಹಿಂಬದಿಯಿಂದ ಕೆಳಗಿಳಿಸಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಅಡಿಯಲ್ಲಿ ಸಾಗಿಸಿ, ಕೆಳಗಿನಿಂದ ಪ್ಲಗ್ಗಿಗೆ ತಲುಪಿಸುವವರು ಇನ್ನೊಂದು ಪಂಥ. ಈ ಎರಡನೆಯ ದಾರಿಯಲ್ಲಿ ಅರ್ಧಕ್ಕರ್ಧ ತಂತಿ ಕಣ್ಣಿಗೆ ಬೀಳುವುದೇ ಇಲ್ಲ. ನನ್ನ ಮನಸ್ಸು ಎರಡನೆಯವರ ಕಡೆಗೆ. ಪಂದ್ಯದ ಕಾರನ್ನು ಕಟ್ಟುವುದಾದರೆ ಮೇಲಿಂದ ಬರಲಿ, ಅದು ಸರಿಯೇ. ಬೆಳಗ್ಗೆ ಕಚೇರಿಗೂ ಭಾನುವಾರ ಇಗರ್ಜಿಗೂ ಕುಟುಂಬವನ್ನು ಕರೆದೊಯ್ಯುತ್ತಿದ್ದ ಕಾರಿಗೆ ಕಾರ್ಖಾನೆಯ ದಾರಿಯೇ ತಕ್ಕುದು.

ಈ ಪಂಥಭೇದ ಹುಟ್ಟಿದ್ದು ಕಿಟ್ಟಿನ ಪೆಟ್ಟಿಗೆಯಲ್ಲಿಯೇ. ಎ.ಎಂ.ಟಿ. ಎಂಬ ಅಮೆರಿಕದ ಸಂಸ್ಥೆ ಕಾರು ಮಾರುವವರ ಅಂಗಡಿಗಳಿಗೆ ಪ್ರಚಾರದ ಪುಟ್ಟ ಕಾರುಗಳನ್ನು ಮಾಡಿಕೊಡುತ್ತಿದ್ದದ್ದು, 1958ರಲ್ಲಿ ಅವನ್ನೇ ಬಿಡಿಭಾಗಗಳ ಪೆಟ್ಟಿಗೆಯಾಗಿ ಹುಡುಗರ ಕೈಗೆ ಕೊಟ್ಟಿತು. ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಲ್ಲಿ ಕಟ್ಟಬಹುದಾಗಿತ್ತು: ಕಾರ್ಖಾನೆಯಿಂದ ಬಂದಂತೆ, ಮನಬಂದಂತೆ ಸಿಂಗರಿಸಿ, ಇಲ್ಲವೆ ಪಂದ್ಯಕ್ಕೆ ಸಜ್ಜುಗೊಳಿಸಿ. ಆ ಮೂರರಲ್ಲಿ ಹುಡುಗರ ಮನಸ್ಸು ಎತ್ತ ವಾಲಿತೆಂಬುದನ್ನು ಹೇಳಬೇಕಾಗಿಲ್ಲ. ಅಂದು ಹುಡುಗರಾಗಿದ್ದವರು ಮುದುಕರಾಗಿ ಮರಳಿ ಅದೇ ಪೆಟ್ಟಿಗೆಯನ್ನು ತೆರೆದಾಗ, ಅವರಲ್ಲಿ ಹಲವರು ಮೊದಲನೆಯ ಬಗೆಗೆ ಬಂದಿದ್ದಾರೆ. ತಂದೆಯ ಕಾರು ಹೇಗಿತ್ತೋ ಹಾಗೆಯೇ ಬೇಕೆನ್ನುವ ವಯಸ್ಸು ಅದು.

ಇನ್ನು ಐದು ಮತ್ತು ಏಳರ ಕಥೆ. ಮಗ್ಗಿಯನ್ನು ಮತ್ತೊಮ್ಮೆ ನೋಡಿರಿ: 1, 8, 4, 3, 6, 5, 7, 2. ಐದರ ಹಿಂದೆಯೇ ಏಳು. ಈ ಎರಡು ಸಿಲಿಂಡರುಗಳು ಚಾಲಕನ ಬದಿಯ ಸಾಲಿನಲ್ಲಿ, ಹಿಂತುದಿಯಲ್ಲಿ, ಅಕ್ಕಪಕ್ಕದಲ್ಲಿಯೇ ಇವೆ. ಅವುಗಳ ತಂತಿಗಳೂ ಸಹಜವಾಗಿ ಜೊತೆಯಾಗಿ ಸಾಗಲು ಬಯಸುತ್ತವೆ. ಹಾಗೆ ಅವು ಬಹುದೂರ ಮೈಗೆ ಮೈ ತಾಗಿಸಿಕೊಂಡು ಸಾಗಿದರೆ, ಐದರ ತಂತಿಯಲ್ಲಿ ಹರಿದ ವಿದ್ಯುತ್ತು ಪಕ್ಕದ ಏಳರ ತಂತಿಯಲ್ಲಿಯೂ ಒಂದು ಕಂಪನವನ್ನು ಎಬ್ಬಿಸಿ, ಸರದಿ ಬರುವ ಮುನ್ನವೇ ಏಳರಲ್ಲಿ ಕಿಡಿ ಹಾರಬಹುದು. ಪಿಸ್ಟನ್ನು ಇನ್ನೂ ಮೇಲೇರುತ್ತಿರುವಾಗಲೇ ಬೆಂಕಿ ಹೊತ್ತಿದರೆ ಎಂಜಿನ್ನಿಗೆ ಕೇಡು. ಆದುದರಿಂದ ತಿಳಿದ ಮೆಕ್ಯಾನಿಕ್ಕು ಈ ಎರಡು ತಂತಿಗಳನ್ನು ಒಂದರಿಂದೊಂದು ದೂರವಿರಿಸುತ್ತಾನೆ, ಇಲ್ಲವೆ ನಡುವೆ ಬೇರೊಂದು ತಂತಿಯನ್ನು ಹಾಯಿಸುತ್ತಾನೆ.

ನನ್ನ ಮಾದರಿಯಲ್ಲಿ ವಿದ್ಯುತ್ತಿಲ್ಲ. ಪ್ಲಾಸ್ಟಿಕ್ಕಿನ ಏಳನೆಯ ಸಿಲಿಂಡರು ಹೊತ್ತಿಗೆ ಮುಂಚೆ ಸಿಡಿಯುವ ಭಯವೂ ಇಲ್ಲ. ಆದರೂ ನಾನು ಏಳರ ತಂತಿಯನ್ನು ಐದರ ಪಕ್ಕದಿಂದ ಬಿಡಿಸಿ, ಮೂರರ ತಂತಿಯನ್ನು ಅವೆರಡರ ನಡುವೆ ತಂದಿದ್ದೇನೆ. ನೋಡಲು ಬಂದ ಸ್ನೇಹಿತರೊಬ್ಬರು, "ಇಷ್ಟೆಲ್ಲ ಯಾರಿಗೆ ಕಾಣುತ್ತೆ? ಅದಲುಬದಲಾದರೆ ಕಾರೇನು ಕೆಮ್ಮುತ್ತದೆಯೇ?" ಎಂದು ಕೇಳಿದರು. ಆ ಕೆಮ್ಮಿನ ಮಾತು ಅವರಿಗೆ ಎಲ್ಲಿಂದ ದೊರೆಯಿತೋ ಕಾಣೆ. ಚಿಕ್ಕಮಗಳೂರಿನ ಷೆಡ್ಡು ಅವರಿಗೆ ಗೊತ್ತಿಲ್ಲ. ಅವರಿಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿಯೂ ಬರೆಯುತ್ತೇನೆ. ಬರಿಯ ಅಲಂಕಾರಕ್ಕೆಂದು ತಂತಿ ಸಿಕ್ಕಿಸುವುದಾದರೆ ಸಿಕ್ಕಿಸದಿರುವುದೇ ಮೇಲು. ಬೋಳು ಎಂಜಿನ್ನು ಅಪೂರ್ಣವಾದದ್ದು ಅಷ್ಟೆ, ಅದು ಸುಳ್ಳು ಹೇಳುವುದಿಲ್ಲ. ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗಿ ಅಂಟಿನಲ್ಲಿ ಮುಗಿಯುವ ತಂತಿ ಸುಳ್ಳು ಹೇಳುತ್ತದೆ. ನಾಳೆ ಆ ಮೇಸ್ತ್ರಿಗಳಂಥ ಒಬ್ಬರು ಕಪಾಟಿನ ಮುಂದೆ ಬಂದು, ತಂತಿಯೊಂದರ ಮೇಲೆ ಕಿರುಬೆರಳಿಟ್ಟು ಜಾರಿಸುತ್ತ ಹೋದರೆ, ಆ ಬೆರಳು ತಲುಪಬೇಕಾದ ಪ್ಲಗ್ಗಿಗೇ ತಲುಪಬೇಕು. ನನಗೆ ಬೇಕಾದ ಪ್ರೇಕ್ಷಕ ಅಂಥವನೊಬ್ಬನೇ.

ತಂತಿಗಳ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲವೆಂಬುದನ್ನೂ ಹೇಳಿಬಿಡಬೇಕು. ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ದಪ್ಪ ತಂತಿ, ಡೈನಮೊದ ತಂತಿಗಳು, ಹಾರನ್ನಿನವು, ದೀಪಗಳವು ಎಲ್ಲವೂ ಉಂಟು. ಆದರೆ ನಿಜವಾದ ಕಾರಿನಲ್ಲಿಯೂ ಇರಬೇಕಾದ ತಂತಿಗಳಲ್ಲಿ ಅರ್ಧದಷ್ಟು ಇರುವುದಿಲ್ಲವೆಂಬುದು ಒಂದು ರಮ್ಯವಾದ ಸಂಗತಿ. ವಿದ್ಯುತ್ತು ಹೋಗಲು ಒಂದು ತಂತಿ ಬೇಕಾದರೆ ಮರಳಿ ಬರಲು ಇನ್ನೊಂದು ಬೇಕಷ್ಟೆ? ಆ ಇನ್ನೊಂದರ ಕೆಲಸವನ್ನು ಕಾರಿನ ಉಕ್ಕಿನ ಮೈಯೇ ಮಾಡುತ್ತದೆ. ಬ್ಯಾಟರಿಯ ಋಣ ತುದಿಯನ್ನು ಮೈಗೆ ಕಟ್ಟಿಬಿಟ್ಟರೆ ದೀಪ, ಹಾರನ್ನು, ಪ್ಲಗ್ಗು ಎಲ್ಲಕ್ಕೂ ಮರಳುವ ದಾರಿ ಸಿದ್ಧ. ನಮ್ಮ ಮೆಕ್ಯಾನಿಕ್ಕುಗಳು 'ಅರ್ತ್' ಎನ್ನುವುದು ಇದನ್ನೇ. ಮಾದರಿ ಕಟ್ಟುವವನ ಪಾಲಿಗೆ ಇದು ದೊಡ್ಡ ಉಪಕಾರ. ಬ್ಯಾಟರಿಯ ಪಕ್ಕದಿಂದ ಒಂದು ಗಿಡ್ಡ ತಂತಿಯನ್ನು ಮೈಗೆ ಮುಟ್ಟಿಸಿದರೆ ಅರ್ಧ ಕಾರಿನ ವೈರಿಂಗ್ ಮುಗಿದಂತೆಯೇ. ಆ ಗಿಡ್ಡ ತಂತಿಯನ್ನು ಮಾತ್ರ ಬಿಡಕೂಡದು.

ಯಾರಾದರೂ ಈ ಕೆಲಸಕ್ಕೆ ಹೊಸದಾಗಿ ಕೈಹಾಕುವುದಾದರೆ, ಎಂಜಿನ್ನನ್ನು ಕಾರಿನೊಳಗೆ ಕೂರಿಸುವುದಕ್ಕೆ ಮೊದಲೇ ಪ್ಲಗ್ಗಿನ ತಂತಿಗಳನ್ನೆಲ್ಲ ಮುಗಿಸಿಕೊಳ್ಳಲಿ. ಹಿಂಬದಿಯ ಏಳು ಮತ್ತು ಎಂಟರಿಂದ ತೊಡಗಿ ಮುಂದಕ್ಕೆ ಬರಲಿ. ಡಿಸ್ಟ್ರಿಬ್ಯೂಟರು ಗೋಡೆಗೆ ಆನಿಕೊಂಡ ಮೇಲೆ ಅಲ್ಲಿ ಚಿಮುಟವೂ ಹೋಗದು. ಕಿಟ್ಟುಗಳನ್ನು ತಯಾರಿಸುವವರಲ್ಲಿಯೂ ನನ್ನದೊಂದು ಬಿನ್ನಹವಿದೆ. ನಾನು ಬಿಚ್ಚಿದ ಪೆಟ್ಟಿಗೆಗಳ ಸೂಚನಾಪತ್ರಗಳಲ್ಲಿ ಯಾವ ಭಾಗಕ್ಕೆ ಯಾವ ಬಣ್ಣವೆಂಬುದು ಪುಟಗಟ್ಟಲೆ ಇತ್ತು. ಎಂಜಿನ್ನಿನ ಸರದಿ ಎಲ್ಲಿಯೂ ಇರಲಿಲ್ಲ. ದಯಮಾಡಿ ಡಿಸ್ಟ್ರಿಬ್ಯೂಟರಿನ ಚಿತ್ರದ ಪಕ್ಕದಲ್ಲಿ ಆ ಎಂಟು ಅಂಕಿಗಳನ್ನೂ, ರೋಟರು ತಿರುಗುವ ದಿಕ್ಕಿಗೆ ಒಂದು ಬಾಣದ ಗುರುತನ್ನೂ ಅಚ್ಚುಮಾಡಿರಿ. ಅದಕ್ಕೆ ಒಂದು ಸಾಲಿನಷ್ಟು ಜಾಗ ಸಾಕು.